ಮೂವತ್ತೇಳು ಮಿಲಿಸೆಕೆಂಡು

ತಮ್ಮನ ಪ್ರೋಗ್ರಾಮನ್ನು ಅಳಿಸಲು ಒಪ್ಪಿಗೆ ಕೊಡಬೇಕಿದ್ದ ಅಕ್ಕನ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತ್ತು. ಅಂಗೈಯಗಲದ ಕಂಪ್ಯೂಟರಿನ ಚಿಪ್ ಒಳಗೆ ಹೇಗೆ ನಡೆಯುತ್ತದೆಂಬ ಗುಟ್ಟನ್ನು ಕಂಪನಿ ಯಾರಿಗೂ ಬಿಟ್ಟುಕೊಡದ ಕಾಲದಲ್ಲಿ, ಕುರುಡನು ಗೋಡೆ ಸವರುವಂತೆ ತಮ್ಮ ಊಹಿಸಿ ಊಹಿಸಿ ಆ ಚಿಪ್ಪನ್ನು ನಡೆಸುವ ಈ ಪ್ರೋಗ್ರಾಮನ್ನು ಬರೆದು, ಎಲ್ಲರ ಬಳಕೆಗೆ ತೆರೆದಿಟ್ಟಿದ್ದ. ಹೋದ ವರ್ಷ ಅವನು ತೀರಿಕೊಂಡ ಮೇಲೆ ಉಸ್ತುವಾರಿ ಅವಳ ಪಾಲಿಗೆ ಬಂದಿತ್ತು. ಈಗ ಕಂಪನಿಯೇ ಮನಸ್ಸು ಕರಗಿ, ಅದೇ ಚಿಪ್ಪಿಗೆ ತಾನು ಬರೆದ ಪ್ರೋಗ್ರಾಮನ್ನು ಮುಕ್ತವಾಗಿ ಕೊಟ್ಟಿತ್ತು. ಅದು ಬಂದರೆ ತಮ್ಮನದು ಒಂದು ಸಾಲೂ ಉಳಿಯದು.

ಕಂಪನಿಯ ಸಾಲುಗಳ ಮೇಲೆ ಕಣ್ಣಾಡಿಸುತ್ತಿದ್ದವಳು ಒಂದೆಡೆ ತಡೆದು ನಿಂತಳು. ಚಿಪ್ಪನ್ನು ಎಬ್ಬಿಸುವ ಮೊದಲು ಮೂವತ್ತೇಳು ಮಿಲಿಸೆಕೆಂಡು ಸುಮ್ಮನೆ ಕಾಯಬೇಕೆಂದಿತ್ತು. ಅದು ಅಂದಾಜಿನ ಮೇಲೆ ತಮ್ಮನೇ ಇಟ್ಟಿದ್ದ ಸಂಖ್ಯೆ. ಕಂಪನಿಯ ಎಂಜಿನಿಯರನಿಗೆ ಫೋನು ಮಾಡಿದಳು.

"ಇಲ್ಲಿ ಕಾಯೋದು ಯಾಕೆ? ನಿಮ್ಮ ಕೈಪಿಡೀಲಿ ಇಲ್ವಲ್ಲ."

"ಅದನ್ನ ನಿಮ್ಮ ತಮ್ಮನವರದ್ರಿಂದಾನೇ ತಗೊಂಡ್ವಿ ಮೇಡಂ," ಎಂದು ಅವನು ಸಂಕೋಚದಿಂದ ಹೇಳಿದ. "ಆ ಕಾಯೋದನ್ನ ತೆಗೆದು ನೋಡಿದ್ವಿ, ಜಪ್ಪಯ್ಯ ಅಂದ್ರೂ ಚಿಪ್ ಏಳಲ್ಲ. ಹೆತ್ತೋರು ನಾವು, ಅದರ ನಿದ್ದೆ ಗೊತ್ತಿದ್ದದ್ದು ಅವರಿಗೆ. ಯಾಕೆ ಅಂತ ನಿಮಗೇನಾದ್ರೂ ಹೇಳಿದ್ರಾ?"

"ಇಲ್ಲ. ನಾನೂ ಕೇಳಲಿಲ್ಲ."

ಅವಳು ಒಪ್ಪಿಗೆ ಕೊಟ್ಟಳು. ಹೊಸ ಪ್ರೋಗ್ರಾಮು ತುಂಬಿದ್ದ ಪುಟ್ಟ ಕಂಪ್ಯೂಟರಿನ ಸ್ವಿಚ್ಚು ಹಾಕಿದಾಗ, ಅದು ಕಾಯುವ, ರೆಪ್ಪೆ ಬಡಿಯುವಷ್ಟೂ ಅಲ್ಲದ ಆ ಹೊತ್ತಿನಲ್ಲಿ, ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತಾಯಿತು. ತಿರುಗಿ ನೋಡದೆ, ಅವಳೂ ಉಸಿರು ಬಿಗಿಹಿಡಿದಳು.