ಪ್ರೆಸಿಡೆಂಟ್ ಮಿಸ್

ಸಂಜೆ ಕಾಲೇಜಿನಲ್ಲಿ ಓದಿ ಟೀಚರ್ ಆದವಳು ನಾನು. ಮಕ್ಕಳ ಮನಸ್ಸಿನ ವಿಷಯ ಹೇಳಲು ಹೊರಟಿದ್ದೇನೆ, ತಪ್ಪಿದ್ದರೆ ಕ್ಷಮಿಸಬೇಕು.

ಕಸ್ತೂರವ್ವ ಹಳ್ಳಿಯ ಶಾಲೆಯಿಂದ ನಮ್ಮ ಹೈಸ್ಕೂಲಿಗೆ ಬಂದವಳು. ಅಲ್ಲಿ ಹಾಜರಿ ಕರೆದರೆ "ಹಾಜರ್ ರೀ" ಎನ್ನುತ್ತಿದ್ದಳಂತೆ. ಇಲ್ಲಿ ಎಲ್ಲರೂ "ಪ್ರೆಸೆಂಟ್ ಮಿಸ್" ಎನ್ನುತ್ತಾರೆ. ಮೊದಲ ದಿನ ಅವಳು ಎದ್ದು ನಿಂತು, "ಪ್ರೆಸಿಡೆಂಟ್ ಮಿಸ್" ಅಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಸುಮೇಧಾ ಒಬ್ಬಳು ನಗಲಿಲ್ಲ.

"ನಗಬ್ಯಾಡ್ರಲೇ, ಪಾಪ, ಹೊಸಾಕಿ ಅದಾಳ," ಎಂದು ಅವಳನ್ನು ತನ್ನ ಬೆಂಚಿಗೆ ಕರೆದುಕೊಂಡಳು.

ಆಮೇಲೆ ತರಗತಿಯ ಪ್ರೆಸಿಡೆಂಟ್ ಚುನಾವಣೆ ಬಂತು. ಸುಮೇಧಾ ನಿಂತಳು. ಯಾರೊಂದಿಗೂ ಮಾತನಾಡದಿದ್ದ ಕಸ್ತೂರವ್ವ ಬೆಂಚಿನಿಂದ ಬೆಂಚಿಗೆ ಹೋಗಿ ಓಟು ಕೇಳಿದಳು.

"ನಮ್ಮ ಸುಮೇಧಾಗ ಹಾಕ್ರಿ. ನನ್ನ ನೋಡಿ ನಗದಾಕಿ ಅಕಿ ಒಬ್ಬಾಕಿನ."

ಭಾಷಣದ ದಿನ ಸುಮೇಧಾ ಅವಳನ್ನು ಕೈಹಿಡಿದು ಎಲ್ಲರ ಮುಂದೆ ನಿಲ್ಲಿಸಿದಳು.

"ನೋಡ್ರಿ, ಬರೇ ಹಾಜರಿ ಹೇಳಿ ಪ್ರೆಸಿಡೆಂಟ್ ಆಗಾಕ ಇಕಿಗಷ್ಟ ಬರತೈತಿ. ನನಗ ನಿಮ್ಮ ಓಟ್ ಬೇಕ್ರಿ!"

ಮಕ್ಕಳು ಡೆಸ್ಕು ಬಡಿದು ನಕ್ಕರು. ಕಸ್ತೂರವ್ವನೂ ಚಪ್ಪಾಳೆ ತಟ್ಟಿದಳು. ಸುಮೇಧಾ ಗೆದ್ದಳು.

ಮರುದಿನ ಹಾಜರಿ ಕರೆದೆ.

"ಕಸ್ತೂರವ್ವ."

ಹಾಜರಿ ಪುಸ್ತಕದಿಂದ ತಲೆಯೆತ್ತಿ ಮತ್ತೆ ಕರೆದೆ.

"ಕಸ್ತೂರವ್ವ, ಮಾತಾಡವಾ."

"ಅಕಿ ಬಂದಿಲ್ರಿ ಮಿಸ್," ಎಂದು ಸುಮೇಧಾಳ ಬೆಂಚು ಬಿಟ್ಟು ಕೊನೆಯ ಬೆಂಚಿನಲ್ಲಿ ಕೂತಿದ್ದವಳು ಎದ್ದು ನಿಂತು ಹೇಳಿದಳು, ಕಸ್ತೂರವ್ವನೇ.

ಅವಳ ಹೆಸರಿನ ಮುಂದೆ ನಾನು ಏನು ಬರೆಯಬೇಕಿತ್ತೋ, ಇವತ್ತಿಗೂ ಗೊತ್ತಿಲ್ಲ.