ಕಂಬಳಿಯ ಆಚೆ ತುದಿ

ಮೂರನೇ ಸೈಕಲ್ಲಿನ ಹ್ಯಾಂಡಲ್ ಎರಡನೆಯದಕ್ಕೆ ಸಿಕ್ಕಿಕೊಂಡು, ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ವ್ಯಾನಿನ ಬಾಗಿಲಲ್ಲೇ ನಿಂತುಬಿಟ್ಟಿತು. ಒಳಗೆ ಬಗ್ಗಿ ನಿಂತಿದ್ದ ಅಕ್ಕ, ಸೈಕಲ್ ಅಂಗಡಿಯವಳು, ಅದನ್ನು ಎಳೆದಳು. ಹೊರಗಿನಿಂದ ಹಿಡಿದುಕೊಂಡಿದ್ದ ತಂಗಿ ತಳ್ಳಿದಳು. ವ್ಯಾನು ತಂಗಿಯದು. ಅದನ್ನು ಕೊಂಡ ದಿನ ಅಕ್ಕ, “ನೀನು ವ್ಯಾನ್ ಓಡಿಸಿದ ಹಾಗೇ ಇದೆ!” ಎಂದು ಮೂಗು ಮುರಿದಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಇವತ್ತು ಅಕ್ಕನ ಅಂಗಡಿಯನ್ನು ಹೊಸ ಜಾಗಕ್ಕೆ ಸಾಗಿಸಲು ಬರಬೇಕಿದ್ದ ಗಾಡಿ ಕೈಕೊಟ್ಟಾಗ, ಕರೆಯದೆಯೇ ಬಂದು ನಿಂತದ್ದು ಅದೇ ವ್ಯಾನು.

“ತಿರುಗಿಸಿ ಇಟ್ರೆ ಹಿಡಿಯುತ್ತೆ,” ಎಂದು ಅಕ್ಕ ಸ್ಟೆಪ್ನಿ ಟೈರಿಗೆ ಹೇಳಿದಳು. “ಒಂದರ ತಲೆ ಕಡೆ ಇನ್ನೊಂದರ ಕಾಲು.”

“ಗೊತ್ತು,” ಎಂದು ತಂಗಿ ವ್ಯಾನಿನ ಬಾಗಿಲಿಗೆ ಉತ್ತರ ಕೊಟ್ಟಳು. ಚಿಕ್ಕಂದಿನಲ್ಲಿ ಒಂದೇ ಮಂಚದಲ್ಲಿ, ಒಂದೇ ಕಂಬಳಿಯಲ್ಲಿ ಇಬ್ಬರೂ ಮಲಗುತ್ತಿದ್ದದ್ದು ಹಾಗೆಯೇ.

ಸೈಕಲ್ಲುಗಳೆಲ್ಲ ತಲೆಗೆ ಕಾಲಾಗಿ ಒಳಗೆ ಕೂತವು. ಬಣ್ಣ ಕೆರೆದುಹೋಗದಂತೆ ಕೊನೆಯ ಎರಡರ ನಡುವೆ ಹಳೆಯ ಕಂಬಳಿಯೊಂದನ್ನು ಇಳಿಬಿಟ್ಟರು. ಹಗ್ಗ ಬಿಗಿಯುವ ಮೊದಲು ಅಕ್ಕ ಅದನ್ನು ತನ್ನ ಕಡೆಯ ಸೈಕಲ್ಲಿಗೆ ಚೆನ್ನಾಗಿ ಸುತ್ತತೊಡಗಿದಳು. ಆಚೆಯಿಂದ ತಂಗಿ ಜಗ್ಗಿದಳು.

“ಅಕ್ಕಾ, ಎಲ್ಲಾ ನಿನ್ ಕಡೇನೇ ಎಳ್ಕೋಬೇಡ!”

ಅಕ್ಕನ ಕೈ ಅಲ್ಲೇ ನಿಂತಿತು. ಆ ಮಂಚದ ದಿನಗಳ ಹಳೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕಂಬಳಿಯನ್ನು ಒಂದು ಮೊಳ ಆಚೆಗೆ ಬಿಟ್ಟುಕೊಟ್ಟು ಹೇಳಿದಳು:

“ಆಯ್ತು. ನೀನು ಒದೀಬೇಡ.”