ಪಿಸುಮಾಮನ ಹೊಸ ಉದ್ಯೋಗ

"ಬರೋದಿಲ್ಲ ಅಂತಲ್ಲ ಸರ್, ಮನೇಲಿದ್ರೆ ಕೆಲಸ ಚೆನ್ನಾಗಿ ಸಾಗುತ್ತೆ," ಎಂದು ಪಿಸುಮಾಮ ಬೀರುವಿನ ಪಕ್ಕದ ಮೂಲೆಯಲ್ಲಿ ಕೂತು ಫೋನಿಗೆ ಉಸುರಿದ. ಎದುರಿನ ಲ್ಯಾಪ್‌ಟಾಪಿನಲ್ಲಿ ಗುಮಾಸ್ತನೊಬ್ಬ ಅದನ್ನೇ ಒಂದಕ್ಷರ ಬಿಡದೆ ತನ್ನ ಮ್ಯಾನೇಜರಿಗೆ ಒಪ್ಪಿಸಿದ.

ಪಿಸುಮಾಮ ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವನು. ಪರದೆಯ ಮರೆಯಲ್ಲಿ ನಿಂತು, ರಾಜನಿಗೆ ಮಾತು ಮರೆತರೆ ರಾಜನಿಗೆ, ಕಳ್ಳನಿಗೆ ಮರೆತರೆ ಕಳ್ಳನಿಗೆ ಪಿಸುಗುಟ್ಟುವುದು ಅವನ ಕೆಲಸ. ಕಂಪನಿ ಬಾಗಿಲು ಹಾಕಿತು. ಆದರೇನು, ಮಾತು ಮರೆಯುವವರಿಗೆ ಬರವೇ? ಆನ್‌ಲೈನ್ ಮೀಟಿಂಗಿನಲ್ಲಿ ಬಾಯಿ ಕಟ್ಟುವವರ ಕಿವಿಗೆ ಮನೆಯಿಂದಲೇ ಫೋನಿನಲ್ಲಿ ಮಾತು ಹೇಳಿಕೊಡುತ್ತೇನೆಂದು ಜಾಹೀರಾತು ಕೊಟ್ಟ. ಸಿಕ್ಕ ಮೊದಲ ಗಿರಾಕಿಯೇ ಈ ಗುಮಾಸ್ತ. ಮನೆಯಲ್ಲಿ ಎರಡಾಳಿನ ಕೆಲಸ ಮಾಡುತ್ತಿದ್ದ ಪ್ರಾಣಿ, ಮ್ಯಾನೇಜರನ ಮುಖ ಕಂಡರೆ ಸಾಕು, ತನ್ನ ಹೆಸರನ್ನೂ ಮರೆಯುತ್ತಿತ್ತು. ಎಲ್ಲರೂ ಆಫೀಸಿಗೇ ಬರಬೇಕೆಂದು ಮ್ಯಾನೇಜರ್ ಹಟ ಹಿಡಿದಿದ್ದ. ಆಫೀಸಿಗೇ ಹೋದರೆ ಆನ್‌ಲೈನ್ ಮೀಟಿಂಗೂ ಇಲ್ಲ, ಕಿವಿಗೆ ಉಸುರುವವನೂ ಬೇಡ. ಇವತ್ತು ಗುಮಾಸ್ತ ಗೆದ್ದರೆ ಪಿಸುಮಾಮನ ಉದ್ಯೋಗ ಉಳಿಯಿತು. ಸೋತರೆ ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಬಚ್ಚಲಿನ ಟೈಲ್ಸ್ ಮಾರಬೇಕು.

ಬಾಗಿಲು ತೆರೆಯಿತು. ಹೆಂಡತಿ ತನ್ನ ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ದಿನಕ್ಕೆ ಹತ್ತು ಸಲ ಹೀಗೆ ಇಣುಕಿ, ಗಂಡ ಎದ್ದಿದ್ದಾನೋ ಮಲಗಿದ್ದಾನೋ ಎಂದು ನೋಡಿ ಹೋಗುವುದು ಅವಳ ರೂಢಿ.

"ನಮ್ಮಣ್ಣ ಲೈನಲ್ಲಿದ್ದಾನೆ. ಅಂಗಡಿಗೆ ಬರ್ತೀರೋ ಇಲ್ವೋ?" ಎಂದಳು ತಗ್ಗಿದ ದನಿಯಲ್ಲಿ.

ಪಿಸುಮಾಮ ಕೈಸನ್ನೆಯಲ್ಲೇ ಅಂಗಲಾಚಿದ. ಅತ್ತ ಮ್ಯಾನೇಜರ್ ಗುಡುಗುತ್ತಿದ್ದ: "ಎಲ್ಲರೂ ಮನೇಲಿ ಕೂತ್ರೆ ಈ ಖಾಲಿ ಆಫೀಸಲ್ಲಿ ನಾನು ಯಾರನ್ನ ನೋಡ್ಕೊಳ್ಳಲಿ? ಹಾಗಾದ್ರೆ ನಾನ್ಯಾರ್ರೀ?"

ಇತ್ತ ಹೆಂಡತಿಯ ಸಹನೆಯೂ ಮುಗಿದಿತ್ತು. "ಮೂಲೇಲಿ ಕೂತ್ಕೊಂಡು ಕಂಡವರ ಕಿವಿ ಊದೋ ನೀವೊಬ್ಬ... ನೀವೊಬ್ಬ..." ಎಂದು ಸರಿಯಾದ ಬೈಗುಳ ಸಿಗದೆ ತಡವರಿಸಿದಳು.

ಎದುರಿಗಿದ್ದವರು ಮಾತು ಮರೆತು ನಿಂತರೆ ಪಿಸುಮಾಮನ ನಾಲಿಗೆ ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ. "ದಂಡಪಿಂಡ," ಎಂದು ಉಸುರಿಬಿಟ್ಟ.

"ದಂಡಪಿಂಡ," ಎಂದ ಗುಮಾಸ್ತ, ಮ್ಯಾನೇಜರನ ಮುಖ ನೋಡುತ್ತ.

ಮೀಟಿಂಗಿನಲ್ಲಿದ್ದ ಅಷ್ಟೂ ಮುಖಗಳು ಕಲ್ಲಾದವು. ಎಂಥೆಂಥ ಕುಡುಕ ನಟರನ್ನು ದಡ ಸೇರಿಸಿದ್ದ ಪಿಸುಮಾಮನಿಗೆ ಈಗ ಒಂದು ಮಾತೂ ಹೊಳೆಯಲಿಲ್ಲ. ಪಾಪದವನ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ಅಳು ಬಂತು. ಹೆಂಡತಿ ಲ್ಯಾಪ್‌ಟಾಪನ್ನು ನೋಡಿದಳು, ಗಂಡನ ಮುಖ ನೋಡಿದಳು, ಅವನ ಕೈಯಿಂದ ಫೋನು ಕಿತ್ತುಕೊಂಡಳು.

"ನೋಡಪ್ಪಾ," ಎಂದಳು.

"ನೋಡಪ್ಪಾ," ಎಂದ ಗುಮಾಸ್ತ ಮ್ಯಾನೇಜರಿಗೆ.

"ಕೆಲಸ ಮಾಡೋರನ್ನ ಘಳಿಗೆಗೊಂದ್ಸಲ ಇಣುಕಿ ನೋಡೋರು ದಂಡಪಿಂಡಾನೇ. ನಾನೂ ಇಷ್ಟು ದಿನ ಅದನ್ನೇ ಮಾಡ್ದೆ. ಕೂತಿದ್ದಾರಾ ಅಂತ ನೋಡಿದ್ನೇ ಹೊರತು, ಏನ್ ಮಾಡ್ತಿದ್ದಾರೆ ಅಂತ ಒಂದಿನಾನೂ ನೋಡ್ಲಿಲ್ಲ. ತಪ್ಪು ನಂದೂ, ನಿಮ್ದೂನೂ."

ಗುಮಾಸ್ತ ಅಷ್ಟನ್ನೂ ಒಪ್ಪಿಸಿದ. ಮ್ಯಾನೇಜರ್ ತಿರುಗಿ ತನ್ನ ಹಿಂದಿನ ಖಾಲಿ ಕುರ್ಚಿಗಳನ್ನು ನೋಡಿದ. ಆಮೇಲೆ, "ಈ ಬಾಯಿನ ಇಷ್ಟು ದಿನ ಎಲ್ಲಿಟ್ಟಿದ್ರಿ ಮಾರಾಯ್ರೇ? ಮನೆಯಿಂದ್ಲೇ ಮಾಡಿ, ಹೋಗಿ," ಎಂದ.

ಹೆಂಡತಿ ತನ್ನ ಫೋನಿನಿಂದ ಅಂಗೈ ತೆಗೆದಳು. "ಅಣ್ಣಾ, ಇಡು. ನಮಗೆ ಕೆಲಸ ಇದೆ," ಎಂದಳು. 'ನಮಗೆ' ಎಂದದ್ದು ಕೇಳಿ ಪಿಸುಮಾಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಸಂಜೆಯೇ ಗುಮಾಸ್ತನ ಸಂದೇಶ ಬಂತು: ಮುಂದಿನ ಮೀಟಿಂಗಿಗೂ ಇವತ್ತು ಹೇಳಿಕೊಟ್ಟ ಅಮ್ಮನೇ ಬೇಕು.

ಮುಂದಿನ ಮೀಟಿಂಗಿನ ದಿನ ಬೀರುವಿನ ಮೂಲೆ ಹೆಂಡತಿಯದಾಗಿತ್ತು, ಬಾಗಿಲಲ್ಲಿ ಇಣುಕುವ ಸರದಿ ಪಿಸುಮಾಮನದು. ಮಾತಿನ ನಡುವೆ ಅವಳು ಉಸಿರೆಳೆದುಕೊಳ್ಳಲು ನಿಂತಳೋ ಇಲ್ಲವೋ, ಇವನ ನಾಲಿಗೆ ತುರಿಸಿತು. ಬಗ್ಗಿ ಅವಳ ಕಿವಿಗೆ ಏನೋ ಉಸುರಿದ.

"ಸುಮ್ನಿರ್ರೀ, ನಂಗೆ ಬರುತ್ತೆ!" ಎಂದು ಅವಳು ತಿರುಗಿಯೂ ನೋಡದೆ ಗದರಿದಳು.

ಲ್ಯಾಪ್‌ಟಾಪಿನಲ್ಲಿ ಗುಮಾಸ್ತ ಎದೆಯುಬ್ಬಿಸಿ ಕೂತು ಮ್ಯಾನೇಜರಿಗೆ ಹೇಳಿದ: "ಸುಮ್ನಿರ್ರೀ, ನಂಗೆ ಬರುತ್ತೆ!"